ಹನ್ನೆರಡು ಅಡಿ ನೀರು

ಜೂನ್ 11

ಭಾವನವರಿಗೆ ನಮಸ್ಕಾರ.

ಮೂರು ಹಾಳೆ ಬರೆದು ಹರಿದು ಹಾಕಿದ್ದೇನೆ, ಇದು ನಾಲ್ಕನೆಯದು. ಹೇಗೆ ಬರೆದರೂ ವಿಷಯ ಒಂದೇ ಆದ್ದರಿಂದ ಸುತ್ತಿ ಬಳಸದೆ ಹೇಳಿಬಿಡುತ್ತೇನೆ. ಅಕ್ಕ ಹೋಗಿಬಿಟ್ಟಳು. ಈ ತಿಂಗಳ ಒಂದನೇ ತಾರೀಕು, ಬೆಳಿಗ್ಗೆ ಏಳೂಕಾಲಕ್ಕೆ. ಜ್ವರ ಬಂದಿತ್ತು. ಮೂರು ದಿನ ಮಲಗಿದ್ದಳು. ಹೆಚ್ಚು ನರಳಲಿಲ್ಲ.

ಅಮ್ಮ ಜಾರಿ ಬಿದ್ದು ಸೊಂಟ ಮುರಿದುಕೊಂಡಳೆಂದು ಫೆಬ್ರುವರಿಯಲ್ಲಿ ನಾಲ್ಕು ದಿನಕ್ಕೆ ಇಳಿದು ಬಂದವಳು ಅವಳು. ಮೂರನೇ ದಿನ ಅಂಗಡಿಬೀದಿಯ ನಡುವೆ ತಂತಿಬೇಲಿ ಬಿತ್ತು. ಗುಡ್ಡದ ಮೇಲಿನ ಊರು ಒಂದು ಸರ್ಕಾರಕ್ಕೆ, ಹೊಳೆಯ ಪಕ್ಕದ ನಮ್ಮ ಊರು ಇನ್ನೊಂದು ಸರ್ಕಾರಕ್ಕೆ ಎಂದರು. ದಿನಾ ಬೆಳಿಗ್ಗೆ ಚೀಲ ಹಿಡಿದು ಗೇಟಿನ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ‘ಇವತ್ತು ಬಿಡ್ತಾರಂತೆ’ ಎಂದು ಹೋಗುವುದು, ‘ನಾಳೆ ಬಿಡ್ತಾರಂತೆ’ ಎಂದು ಬರುವುದು. ಗೇಟಿನ ಸಿಪಾಯಿಗಳಿಗೆ ಅವಳ ಪರಿಚಯವಾಗಿ, ಒಬ್ಬ ಅವಳಿಗೆ ಕೂರಲು ಸ್ಟೂಲು ತಂದು ಹಾಕುತ್ತಿದ್ದ. ಸ್ಟೂಲು ಕೊಟ್ಟ, ದಾರಿ ಕೊಡಲಿಲ್ಲ.

ಅವಳ ಕನ್ನಡಕ, ವಾಚು ನನ್ನ ಬಳಿ ಇವೆ. ಕಳಿಸಲು ಅನುಮತಿಯಿಲ್ಲ. ಕಾಗದ ಮಾತ್ರ, ಅದೂ ಎರಡು ಹಾಳೆ, ಅಂಟಿಸಬಾರದು, ಮನೆ ಸಮಾಚಾರ ಬಿಟ್ಟು ಬೇರೇನೂ ಇರಬಾರದು. ಎರಡೂ ಕಡೆಯ ಆಫೀಸಿನಲ್ಲಿ ಓದಿದ ಮೇಲೆ ಆಂಬುಲೆನ್ಸಿನ ನರ್ಸಮ್ಮ ತಂದುಕೊಡುತ್ತಾರೆ. ಮನೆ ಸಮಾಚಾರ ಇದೇ, ಭಾವ.

ಗಿಣಿಗೆ ನೀವೇ ಹೇಳಿ. ನನಗೆ ಆ ಮಗುವಿಗೆ ಬರೆಯುವ ಧೈರ್ಯವಿಲ್ಲ.

ಇತಿ,
ನಿಮ್ಮ ಭಾಮೈದ


ಜೂನ್ 29

ಕೆಳಗಿನ ಪಂಪ್‌ಹೌಸಿನ ಮೆಕ್ಯಾನಿಕ್ಕಿಗೆ,

ನಿನ್ನ ಕಾಗದ ತಲುಪಿತು.

ಮಗಳಿಗೆ ಹೇಳಿದೆ. ಹೇಳಿದ ದಿನದಿಂದ ಅವಳು ಮಾತಾಡಿಲ್ಲ. ಬಾಯಿ ಬಿಟ್ಟರೆ ಮುಚ್ಚುವುದಿಲ್ಲವೆಂದೇ ಗಿಣಿ ಎಂದು ಹೆಸರಿಟ್ಟವನು ನೀನು. ಈಗ ಪಾತ್ರೆ ತೊಳೆಯುತ್ತಾಳೆ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಾಳೆ. ತೊಳೆಯುವುದಕ್ಕೂ ನೀರು ಬೇಕಲ್ಲ. ಲಾರಿ ಬಂದಾಗ ಮನೆಗೆ ಎರಡು ಕೊಡ. ಅದನ್ನೂ ಹೀಗೆ ಚೆಲ್ಲುತ್ತಾಳೆ, ಬೈಯಲು ನನಗೆ ಬಾಯಿ ಬರುವುದಿಲ್ಲ.

ಇಪ್ಪತ್ತು ವರ್ಷ ನೀನು ಹೊಳೆಯಿಂದ ನೀರು ಮೇಲಕ್ಕೆ ಎತ್ತಿದೆ. ನಾನು ಇಲ್ಲಿ ಮರಳಿನಲ್ಲಿ ಸೋಸಿ, ಬ್ಲೀಚಿಂಗ್ ಹಾಕಿ, ಟ್ಯಾಂಕ್ ತುಂಬಿಸಿ ಎರಡೂ ಊರಿಗೆ ಬಿಟ್ಟೆ. ಮೇ ಇಪ್ಪತ್ತೆರಡಕ್ಕೆ ನಿಮ್ಮವರು ಹೇಳಿದರು, ನೀನು ಮೋಟಾರು ನಿಲ್ಲಿಸಿದೆ. ಒಡಹುಟ್ಟಿದವಳನ್ನು ಒಂದು ಗೇಟು ದಾಟಿಸಲು ಆಗದವನಿಗೆ ಊರಿನ ನೀರು ನಿಲ್ಲಿಸಲು ಮಾತ್ರ ಕೈ ಬಂತು.

ಜ್ವರ ಎಂದೆ. ಯಾವ ಜ್ವರ, ಯಾವ ಡಾಕ್ಟರು ನೋಡಿದರು, ಏನು ಔಷಧ ಕೊಟ್ಟರು? ಒಂದು ಸಾಲೂ ಬರೆದಿಲ್ಲ. ಬರೆಯುವುದೂ ಬೇಡ. ಇನ್ನು ನನಗೂ ಕೆಳಗಿನವರಿಗೂ ಸಂಬಂಧವಿಲ್ಲ.

ಫಿಲ್ಟರ್‌ಹೌಸಿನ ನೀರುಗಂಟಿ


ಆಗಸ್ಟ್ 4

ಮಾವನಿಗೆ,

ಅಪ್ಪನಿಗೆ ಗೊತ್ತಿಲ್ಲದಂತೆ ಬರೆಯುತ್ತಿದ್ದೇನೆ. ಇದು ಆಫೀಸುಗಳಿಗೆ ಹೋಗುವುದಿಲ್ಲ, ನರ್ಸಮ್ಮ ತಮ್ಮ ಜೇಬಿನಲ್ಲೇ ಇಟ್ಟುಕೊಂಡು ಬರುತ್ತಾರೆ. ನಮ್ಮ ಕಾಲೇಜು ಮುಚ್ಚಿದ್ದಾರೆ. ಹೋದ ತಿಂಗಳಿಂದ ನಾನು ಅವರ ಡೇರೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ಬ್ಯಾಂಡೇಜು ಸುತ್ತುವುದು, ರೋಗಿಗಳ ಹೆಸರು ಬರೆಯುವುದು ಇಷ್ಟೇ. ಆದರೆ ಒಂದು ಸಲ ಬಾಯಿ ಬಿಡದೆ ಆಗಲಿಲ್ಲ. ಒಬ್ಬ ಅಜ್ಜ ನೋವಿಗೆ ಅಳುತ್ತಿದ್ದರು, ಏನಾದರೂ ಮಾತಾಡು ಎಂದರು. ಮಾತಾಡಿದೆ. ಆಮೇಲೆ ಮಾತು ಬಂತು.

ನಿನ್ನೆ ನರ್ಸಮ್ಮನ ಹಳೇ ದಾಖಲೆ ಪುಸ್ತಕ ಪ್ರತಿ ಮಾಡುತ್ತಿದ್ದೆ. ನಿಮ್ಮ ಹೊಳೆಬೀದಿಯಲ್ಲಿ ಮೇ ಕೊನೆಯ ವಾರದಿಂದ ಜೂನ್ ಮಧ್ಯದ ತನಕ ಅರವತ್ತೊಂದು ಜನ ತೀರಿಕೊಂಡಿದ್ದಾರೆ. ಎಲ್ಲರ ಮುಂದೆಯೂ ವಾಂತಿಭೇದಿ ಎಂದೇ ಇದೆ. ಮೂವತ್ತನೇ ಸಾಲಿನ ಹತ್ತಿರ ‘ಹೆಂಗಸು, ನಲವತ್ತಮೂರು, ಮೇಲಿನ ಊರಿನವರು’ ಎಂದಿದೆ.

ಮಾವ, ಅಮ್ಮನಿಗೆ ಬಂದಿದ್ದು ಜ್ವರವೇ?

ಅಪ್ಪನ ವಿಷಯ ಹೇಳಬೇಕು. ಫಿಲ್ಟರ್ ಬೆಡ್‌ಗಳು ಒಣಗಿ ಎರಡು ತಿಂಗಳಾಯಿತು. ಆದರೂ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಡಬ್ಬಿ ಕಟ್ಟಿಸಿಕೊಂಡು ಹೋಗುತ್ತಾರೆ. ಒಣ ಮರಳನ್ನು ಕೆದರಿ, ಮೇಲಿನ ಹೆಂಟೆ ಒಡೆದು, ಸಮ ಮಾಡಿ ಬರುತ್ತಾರೆ. ಮಾರನೇ ದಿನ ಮತ್ತೆ ಅದೇ. ಊಟಕ್ಕೆ ಕೂತಾಗ ಒಮ್ಮೊಮ್ಮೆ ತಮ್ಮಷ್ಟಕ್ಕೆ ‘ಹನ್ನೆರಡು ಅಡಿ’ ಅನ್ನುತ್ತಾರೆ. ‘ಏನಪ್ಪಾ?’ ಅಂದರೆ ‘ಏನಿಲ್ಲ, ಉಪ್ಪು ಕೊಡು’ ಅನ್ನುತ್ತಾರೆ. ಹಾಗೆಂದರೇನು, ನಿನಗೆ ಗೊತ್ತಾ?

ನನಗೆ ಹದಿನೇಳು ತುಂಬಿತು. ಸುಳ್ಳು ಹೇಳಿ ಸಮಾಧಾನ ಮಾಡುವ ವಯಸ್ಸು ದಾಟಿದೆ.

ನಿನ್ನ ಗಿಣಿ


ಆಗಸ್ಟ್ 19

ಗಿಣಿ,

ನಿನ್ನ ಕಾಗದವನ್ನು ಹತ್ತು ದಿನ ಜೇಬಿನಲ್ಲೇ ಇಟ್ಟುಕೊಂಡು ತಿರುಗಿದೆ. ಇನ್ನು ಆಗುವುದಿಲ್ಲ.

ಜ್ವರವಲ್ಲ ಪುಟ್ಟಾ.

ನಲ್ಲಿಯಲ್ಲಿ ನೀರು ನಿಂತ ಮೇಲೆ ಬೀದಿಯವರೆಲ್ಲ ಹೊಳೆಗೆ ಹೋದೆವು. ಕುದಿಸಿ ಕುಡಿಯಿರಿ ಎಂದು ಡಂಗುರ ಹೊಡೆಸಿದರು. ಉರಿಸುವುದಕ್ಕೆ ಏನಿತ್ತು? ಗ್ಯಾಸು ಬಂದು ತಿಂಗಳಾಗಿತ್ತು. ನಾನು ಪಂಪ್‌ಹೌಸಿನ ಹಳೇ ಪೆಟ್ಟಿಗೆಗಳನ್ನು ಒಡೆದು ತಂದೆ. ದಿನಕ್ಕೆ ಒಂದು ಪಾತ್ರೆ ಕುದಿಯುತ್ತಿತ್ತು. ನಿಮ್ಮಮ್ಮ ಅದನ್ನು ಅಜ್ಜಿಗೆ ಕೊಟ್ಟಳು, ಪಕ್ಕದ ಮನೆಯ ಬಾಣಂತಿಗೆ ಕೊಟ್ಟಳು, ನನಗೆ ಬಾಟಲಿ ತುಂಬಿಸಿ ಕೊಟ್ಟಳು. ತನಗೂ ಇದೆ ಎಂದಳು. ಇರಲಿಲ್ಲ. ನಾನು ನೋಡಬೇಕಿತ್ತು, ನೋಡಲಿಲ್ಲ.

ಬೆಳಿಗ್ಗೆ ಎದ್ದ ಕೂಡಲೇ ನಲ್ಲಿ ತಿರುಗಿಸಿ ಕಿವಿ ಕೊಡುತ್ತಿದ್ದಳು. ‘ಯಾಕಕ್ಕ, ಗಾಳಿ ಕೇಳಿಸ್ಕೋತೀಯಾ?’ ಅಂದೆ. ‘ನಿಮ್ಮ ಭಾವ ಬಿಡ್ತಾರೆ ಕಣೋ. ಇವತ್ತಲ್ಲ ನಾಳೆ ಬಿಡ್ತಾರೆ. ನಾನಿಲ್ಲಿದ್ದೀನಿ ಅಂತ ಅವರಿಗೆ ಗೊತ್ತಿಲ್ವಾ?’ ಅಂದಳು.

ಮೇ ಇಪ್ಪತ್ತೊಂಬತ್ತಕ್ಕೆ ಶುರುವಾಯಿತು. ಆಸ್ಪತ್ರೆಯ ವರಾಂಡದಲ್ಲಿ ಜಾಗ ಸಿಕ್ಕಿತು. ಅವರ ಬಳಿ ಇದ್ದ ಸಲೈನ್ ಮಕ್ಕಳಿಗೇ ಸಾಲಲಿಲ್ಲ. ಕೊನೆಯ ದಿನ ಅವಳೇ ಹೇಳಿದಳು: ‘ಅವರಿಗೆ ಜ್ವರ ಅಂತ ಬರಿ. ನೀರು ಅಂತ ಬರೀಬೇಡ. ಬರೆದ್ರೆ ಅವರು ಜೀವ ಇಟ್ಕೊಳ್ಳಲ್ಲ.’ ಹಾಗಾಗಿ ಆ ಸುಳ್ಳು ಅವಳದು, ಕೈ ಮಾತ್ರ ನನ್ನದು.

ಇನ್ನೊಂದು ಮಾತು. ನಿನ್ನಪ್ಪ ನನ್ನ ಮೇಲೆ ಹೊರಿಸಿದ್ದರಲ್ಲಿ ತಪ್ಪಿಲ್ಲ. ಮೊದಲು ನಿಲ್ಲಿಸಿದವನು ನಾನು. ಆಫೀಸರು ಬಂದು ‘ಒಂದು ಗಂಟೆ ಟೈಮಿದೆ, ಮೇಲಕ್ಕೆ ಒಂದು ತೊಟ್ಟೂ ಹೋಗಬಾರದು’ ಎಂದರು. ನಾನು ವಾದ ಮಾಡಲಿಲ್ಲ ಗಿಣಿ. ಒಮ್ಮೆಲೇ ನಿಲ್ಲಿಸಿದರೆ ಗುಡ್ಡದ ಪೈಪು ಒಡೆಯುತ್ತದೆಂದು ಹತ್ತು ನಿಮಿಷ ತೆಗೆದುಕೊಂಡು, ನಾಜೂಕಾಗಿ, ವಾಲ್ವ್ ಸ್ವಲ್ಪ ಸ್ವಲ್ಪವೇ ಒತ್ತಿ ಮೋಟಾರು ಆರಿಸಿದೆ. ಪೈಪಿಗೆ ಪೆಟ್ಟಾಗಬಾರದು ಎಂಬುದೊಂದೇ ಆಗ ನನ್ನ ತಲೆಯಲ್ಲಿದ್ದದ್ದು. ಅದಾದ ಮೇಲೆ ನಿನ್ನಪ್ಪನಿಗೆ ಅಲ್ಲಿ ಆರ್ಡರು ಬಂತು.

ಹನ್ನೆರಡು ಅಡಿ ಎಂದರೇನೆಂದು ನನಗೆ ಗೊತ್ತು. ಅದನ್ನು ಅವರೇ ಹೇಳಬೇಕು. ಈ ಕಾಗದ ಅವರಿಗೆ ತೋರಿಸಬೇಡ, ನಿನಗೆ ಕೈ ಮುಗಿಯುತ್ತೇನೆ.

ಮಾವ


ಸೆಪ್ಟೆಂಬರ್ 8

ಭಾಮೈದನಿಗೆ,

ತೋರಿಸಬೇಡ ಎಂದಿದ್ದೆಯಂತೆ. ಅವಳು ತೋರಿಸಲಿಲ್ಲ, ಓದಿದಳು. ಒಣ ಬೆಡ್ಡಿನ ಕಟ್ಟೆಯ ಮೇಲೆ ಕೂತು, ನಾನು ಮರಳು ಕೆದರುತ್ತಿರುವಾಗ, ಮೊದಲಿಂದ ಕೊನೆಯ ತನಕ ಗಟ್ಟಿಯಾಗಿ ಓದಿದಳು. ಓದಿ ಮುಗಿಸಿ, ‘ಈಗ ನೀನು ಹೇಳಪ್ಪ’ ಎಂದಳು. ಅವಳಿಗೆ ಹೇಳಿದ್ದನ್ನೇ ನಿನಗೂ ಬರೆಯುತ್ತೇನೆ. ಇದನ್ನು ಆಫೀಸಿನ ಮೂಲಕವೇ ಕಳಿಸುತ್ತೇನೆ. ಓದುವ ಸಾಹೇಬರು ಎರಡೂ ಕಡೆ ಓದಲಿ.

ನೀನು ಮೋಟಾರು ನಿಲ್ಲಿಸಿದ ಹೊತ್ತಿಗೆ ನನ್ನ ಟ್ಯಾಂಕಿನಲ್ಲಿ ಹನ್ನೆರಡು ಅಡಿ ನೀರಿತ್ತು. ಸೋಸಿದ, ಬ್ಲೀಚಿಂಗ್ ಹಾಕಿದ ನೀರು. ಎರಡೂ ಊರಿಗೆ ದಿನಕ್ಕೆ ಅರ್ಧ ಗಂಟೆ ಬಿಟ್ಟಿದ್ದರೂ ಒಂಬತ್ತು ದಿನ ಬರುತ್ತಿತ್ತು. ಅಂದರೆ ಮೂವತ್ತನೇ ತಾರೀಕಿನ ತನಕ. ನಿನ್ನಕ್ಕ ಮಲಗಿದ್ದು ಇಪ್ಪತ್ತೊಂಬತ್ತಕ್ಕೆ.

ಸಂಜೆ ಐದಕ್ಕೆ ನಮ್ಮ ಆಫೀಸರು ಬಂದು ಕೆಳಗಿನ ಊರಿನ ವಾಲ್ವ್ ಮುಚ್ಚು ಎಂದರು. ‘ಸಾರ್, ಟ್ಯಾಂಕ್ ತುಂಬಾ ನೀರಿದೆ, ಅರ್ಧ ಗಂಟೆ ಬಿಟ್ರೂ ಸಾಕು ಅವರಿಗೆ’ ಎಂದೆ. ಅವರು ನನ್ನನ್ನು ಮೇಲಿಂದ ಕೆಳಕ್ಕೆ ನೋಡಿ, ‘ನಿನ್ ಹೆಂಡ್ತಿ ಕೆಳಗಿದ್ದಾಳಂತಲ್ಲ’ ಎಂದರು. ಅಷ್ಟೇ. ಹೊಡೆಯಲಿಲ್ಲ, ಬೈಯಲಿಲ್ಲ, ಕೋವಿ ತೋರಿಸಲಿಲ್ಲ. ಸುತ್ತ ನಿಂತಿದ್ದವರು ನನ್ನ ಮುಖ ನೋಡಿದರು. ನಾಲ್ಕು ಜನರ ಎದುರಿಗೆ ನಾನು ಕೆಳಗಿನವರ ಕಡೆಯವನು ಅನ್ನಿಸಿಕೊಳ್ಳಬಾರದು ಎಂದು ಹೋಗಿ ಚಕ್ರ ತಿರುಗಿಸಿದೆ. ಹದಿನೆಂಟು ಸುತ್ತು. ಅವಳು ಅಲ್ಲಿರುವುದು ನನಗೆ ಗೊತ್ತಿತ್ತು. ಗೊತ್ತಿತ್ತೆಂದೇ ಇನ್ನಷ್ಟು ಬಿಗಿಯಾಗಿ ಮುಚ್ಚಿದೆ.

ನಿನಗೆ ನಾನು ಬರೆದ ಆ ಕಾಗದವನ್ನು ಹರಿದು ಹಾಕು. ಬರೆದ ಕೈ ಯಾವ ಕೈ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಇನ್ನು ಓದುವ ಸಾಹೇಬರಿಗೆ ಒಂದು ಅರಿಕೆ. ಇದು ಮನೆ ಸಮಾಚಾರವಲ್ಲ ಎಂದು ಗೆರೆ ಹೊಡೆಯಬೇಡಿ. ಹೊಳೆ ಕೆಳಗಿದೆ, ಸೋಸುವ ಮರಳು ಮೇಲಿದೆ. ಇದನ್ನು ಕಟ್ಟಿದವರು ಊರು ಎರಡಾಗಬಹುದೆಂದು ಎಣಿಸಿರಲಿಲ್ಲ. ಎರಡೂ ರೇಡಿಯೋದಲ್ಲಿ ದಿನಾ ನಾವೇ ನಿಜವಾದ ದೇಶ ಎನ್ನುತ್ತೀರಿ. ಇರಲಿ. ಎರಡು ನಿಜವಾದ ದೇಶ ಸೇರಿದರೂ ಒಂದು ಲೋಟ ಕುಡಿಯುವ ನೀರು ಆಗಲಿಲ್ಲ. ಕೆಳಗೆ ಮೋಟಾರು ಓಡಿಸಿದರೆ ನಾನು ಇಲ್ಲಿ ವಾಲ್ವ್ ತೆಗೆಯುತ್ತೇನೆ. ನಮ್ಮ ಆಫೀಸಿಗೂ ಇದನ್ನೇ ಬರೆದು ಕೊಟ್ಟಿದ್ದೇನೆ. ಕದ್ದು ಮಾಡುವ ಕೆಲಸ ಇದಲ್ಲ.

ಭಾವ


ಅಕ್ಟೋಬರ್ 21

ಭಾವನವರಿಗೆ,

ತಡವಾಯಿತು. ಇದು ನರ್ಸಮ್ಮನ ಜೇಬಿನಲ್ಲಿ ಬರುತ್ತದೆ. ನಿಮ್ಮ ಕಾಗದ ಬಂದ ಮಾರನೇ ದಿನ ನನ್ನನ್ನು ಕರೆದುಕೊಂಡು ಹೋಗಿ ಆರು ದಿನ ಒಳಗಿಟ್ಟರು. ಹೊಡೆಯಲಿಲ್ಲ, ಗಾಬರಿಯಾಗಬೇಡಿ. ಒಂದೇ ಪ್ರಶ್ನೆಯನ್ನು ನೂರು ಸಲ ಕೇಳಿದರು. ‘ನೀನು ಯಾರ ಕಡೆಯವನು?’ ‘ಪಂಪ್‌ಹೌಸಿನವನು ಸಾರ್.’ ‘ಅದಲ್ಲ, ಯಾರ ಕಡೆ?’ ‘ಹೊಳೆ ಕಡೆ ಸಾರ್.’ ತಲೆಹರಟೆ ಎಂದು ತಿಳಿದರು. ನನಗೆ ನಿಜಕ್ಕೂ ಬೇರೆ ಉತ್ತರ ಹೊಳೆಯಲಿಲ್ಲ.

ಏಳನೇ ದಿನ ಬಿಡುವ ಮುಂಚೆ, ಪ್ರಶ್ನೆ ಕೇಳುತ್ತಿದ್ದ ಸಾಹೇಬರೇ ಬಂದು ಬಾಗಿಲು ಹಾಕಿಕೊಂಡು, ದನಿ ತಗ್ಗಿಸಿ ಕೇಳಿದರು: ‘ಆ ಮೋಟಾರ್ ಈಗ್ಲೂ ಓಡತ್ತೇನಯ್ಯಾ?’

ನಿಮ್ಮ ಕಾಗದ ನನಗೆ ಬಂದಾಗ ಅದರ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಒಂದು ಸಾಲಿತ್ತು. ಕಾಗದ ಓದುವ ಗುಮಾಸ್ತ ಯಾರೋ ಬರೆದದ್ದು. ‘ಹೊಳೆಬೀದಿಯ ನಲವತ್ತನೇ ಸಾಲು ನನ್ನ ಮಗಳು. ಈ ಪತ್ರದ ಪ್ರತಿಯನ್ನು ಮೇಲಧಿಕಾರಿಗೆ ಕಳಿಸಿದ್ದೇನೆ.’ ಹೆಸರಿಲ್ಲ. ಅವನೂ ನರ್ಸಮ್ಮನ ಪುಸ್ತಕ ನೋಡಿದ್ದಾನೆ, ಸಾಲು ಎಣಿಸಿದ್ದಾನೆ. ಅವನು ಯಾರೆಂದು ಬೀದಿಯಲ್ಲಿ ಎಲ್ಲರ ಮುಖವನ್ನೂ ನೋಡುತ್ತೇನೆ. ಎಲ್ಲರೂ ಅವನ ಹಾಗೇ ಕಾಣುತ್ತಾರೆ.

ಮುಂದಿನ ತಿಂಗಳು ಗೇಟಿನಲ್ಲಿ ಮೇಜು ಹಾಕಿ ಮಾತಾಡುತ್ತಾರಂತೆ. ನರ್ಸಮ್ಮ ನಡುವೆ ಕೂರುತ್ತಾರೆ. ಮೇಲಿನಿಂದ ಒಬ್ಬ, ಕೆಳಗಿನಿಂದ ಒಬ್ಬ ಕೆಲಸ ಬಲ್ಲವರು ಬರಬೇಕೆಂದಿದ್ದಾರೆ. ನನಗೆ ಹೇಳಿದ್ದಾರೆ. ಆ ಕಡೆಯಿಂದ ನೀವೇ ಬರುವುದಾದರೆ ಮೊದಲೇ ತಿಳಿಸಿ. ನಿಮ್ಮನ್ನು ಎದುರಿಗೆ ನೋಡಲು ನಾನು ತಯಾರಾಗಬೇಕು.

ನೀವು ಹದಿನೆಂಟು ಸುತ್ತು ಎಂದಿರಿ. ನಾನು ಹತ್ತು ನಿಮಿಷ ಎಂದೆ. ಇಬ್ಬರಲ್ಲಿ ಯಾರದು ಹೆಚ್ಚು ಎಂದು ಒಳಗಿದ್ದ ಆರು ದಿನವೂ ತೂಗಿ ನೋಡಿದೆ. ಬಿಟ್ಟುಬಿಟ್ಟೆ ಭಾವ. ಅಕ್ಕ ಇದ್ದಿದ್ದರೆ ‘ಸಾಕು ಏಳ್ರೋ, ಕೆಲಸ ನೋಡಿ’ ಅನ್ನುತ್ತಿದ್ದಳು.

ನಿಮ್ಮ ಭಾಮೈದ


ಡಿಸೆಂಬರ್ 14

ಡಾಕ್ಟ್ರೇ,

ಹಾಗೆ ಕರೆದು ವರ್ಷವಾಗುತ್ತ ಬಂತು. ಸ್ಕ್ರೂಡ್ರೈವರನ್ನು ಮೋಟಾರಿಗೆ ಒತ್ತಿ, ಇನ್ನೊಂದು ತುದಿಗೆ ಕಿವಿಯಿಟ್ಟು ನೀನು ಕಣ್ಣು ಮುಚ್ಚುವುದನ್ನು ಕಂಡು ನಿನ್ನಕ್ಕನೇ ನಕ್ಕು ಮೊದಲು ಹಾಗೆ ಕರೆದದ್ದು. ನೀರು ಬರಲು ಶುರುವಾಗಿ ಇವತ್ತಿಗೆ ಮೂರು ವಾರ. ಮೋಟಾರು ಚೆನ್ನಾಗಿದೆ ಎಂದು ಪೈಪಿನ ಸದ್ದಿನಲ್ಲೇ ಗೊತ್ತಾಗುತ್ತದೆ.

ಮೇಜಿನ ದಿನ ನಮಗೆ ಹತ್ತು ನಿಮಿಷ ಬಿಟ್ಟುಕೊಟ್ಟಿದ್ದರು. ಒಂಬತ್ತು ತಿಂಗಳ ಮೇಲೆ ಎದುರುಬದುರು ಕೂತು ನಾವು ಏನು ಮಾತಾಡಿದೆವು? ನೀರು ಸೋರದಂತೆ ಪಂಪಿನ ಗ್ಲ್ಯಾಂಡಿಗೆ ಸುತ್ತುವ ದಾರ ಹೊಸದಾ ಹಳೆಯದಾ ಎಂದು ನಾನು ಕೇಳಿದೆ. ಹಳೆಯದು, ಎಣ್ಣೆಯಲ್ಲಿ ನೆನೆಸಿದ್ದೇನೆ ಎಂದು ನೀನು ಹೇಳಿದೆ. ಅತ್ತೆ ಹೇಗಿದ್ದಾರೆ ಎಂದೆ. ಸೊಂಟ ಪರವಾಗಿಲ್ಲ, ಈಗ ಯಾರ ಗುರುತೂ ಸರಿಯಾಗಿ ಹತ್ತುವುದಿಲ್ಲ ಎಂದೆ ನೀನು. ಅಷ್ಟರಲ್ಲಿ ಟೈಮಾಯಿತು. ಮನೆಗೆ ಬಂದು ಗೋಡೆಗೆ ಮುಖ ಹಾಕಿ ಮಲಗಿದೆ. ಗಿಣಿ ಬಂದು, ‘ಮಾವ ಹೇಗಿದ್ದಾನೆ?’ ಎಂದಳು. ‘ತೆಳ್ಳಗಾಗಿದ್ದಾನೆ’ ಎಂದೆ. ಅದನ್ನಾದರೂ ನಿನಗೇ ಹೇಳಬಹುದಿತ್ತು.

ನಾವು ಎದ್ದ ಮೇಲೆ ಸಾಹೇಬರುಗಳು ಐದು ಗಂಟೆ ಜಗಳವಾಡಿದರಂತೆ. ನೀರಿನ ಬಗ್ಗೆಯಲ್ಲ, ಅದು ಅರ್ಧ ಗಂಟೆಯಲ್ಲೇ ಮುಗಿದಿತ್ತು. ಒಪ್ಪಂದದ ಹಾಳೆಯ ತಲೆಗೆ ದೇಶದ ಹೆಸರು ಏನು ಬರೆಯುವುದು ಎಂದು. ಕೊನೆಗೆ ನರ್ಸಮ್ಮ ಬೇಸತ್ತು ‘ನೀರು ಸರಬರಾಜು’ ಎಂದು ಬರೆದು ಮುಂದಕ್ಕೆ ತಳ್ಳಿದರಂತೆ. ಆ ಹಾಳೆಯ ಪ್ರತಿ ನಮ್ಮ ಫಿಲ್ಟರ್‌ಹೌಸಿನ ಗೋಡೆಯ ಮೇಲಿದೆ. ಕೆಳಗೆ ಜಾಗ ಸಾಲದೆ ಎರಡೂ ಸರ್ಕಾರದ ಸೀಲು ಒಂದರ ಮೇಲೊಂದು ಬಿದ್ದಿವೆ. ಯಾವುದು ಯಾರದೆಂದು ಓದಲು ಬರುವುದಿಲ್ಲ. ನಾನು ದಿನಾ ನೋಡುತ್ತೇನೆ.

ನನ್ನನ್ನು ಅಕ್ಟೋಬರಿನಲ್ಲೇ ಕೆಲಸದಿಂದ ತೆಗೆದಿದ್ದರು, ಮೇಜಿಗೆ ಮಾತ್ರ ಕೆಲಸ ಬಲ್ಲವನೆಂದು ಕರೆದಿದ್ದರು. ನಿನಗೆ ಬರೆದಿರಲಿಲ್ಲ. ಆರು ತಿಂಗಳು ಮುಚ್ಚಿದ್ದ ವಾಲ್ವ್ ಹೊಸಬನ ಕೈಗೆ ಬಗ್ಗಲಿಲ್ಲ. ಆಮೇಲೆ ಮನೆಗೆ ಜೀಪು ಬಂತು. ಹೋದೆ. ಹದಿನೆಂಟು ಸುತ್ತು ಬಿಚ್ಚುವಾಗ ಆಫೀಸರು ಪಕ್ಕದಲ್ಲೇ ನಿಂತಿದ್ದರು, ಅದೇ ಆಫೀಸರು. ನಡುವೆ ನನ್ನ ಕೈ ಸೋತಾಗ ಟೋಪಿ ತೆಗೆದಿಟ್ಟು ಚಕ್ರಕ್ಕೆ ತಾವೂ ಕೈ ಹಾಕಿದರು. ಅವರನ್ನು ಕ್ಷಮಿಸಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ. ನನ್ನನ್ನೇ ಕ್ಷಮಿಸಿಲ್ಲ.

ಮೊದಲ ದಿನ ನಮ್ಮ ಹಿಂದಿನ ಬೀದಿಯ ಟೀಚರಮ್ಮ ಬಿಂದಿಗೆ ತಂದು ಸಾಲಿನಲ್ಲಿ ಇಟ್ಟರು, ನಲ್ಲಿ ಬಂದ ಕೂಡಲೇ ಎತ್ತಿಕೊಂಡು ವಾಪಸು ಹೋದರು. ಅವರ ಮಗ ಬೇಲಿಯ ಹತ್ತಿರ ಗುಂಡು ತಗುಲಿ ಸತ್ತವನು. ‘ಅವರು ಕಳ್ಸಿದ ನೀರು ನನ್ನ ಗಂಟಲಲ್ಲಿ ಇಳಿಯಲ್ಲ’ ಎಂದರು. ಎಂಟನೇ ದಿನ ಬಂದರು. ನೀರು ಹಿಡಿದರು. ಅಲ್ಲೇ ಬೊಗಸೆಯಲ್ಲಿ ಒಂದು ಗುಟುಕು ಕುಡಿದು, ಕಟ್ಟೆಯ ಮೇಲೆ ಕೂತು ಅತ್ತರು. ಈಗ ದಿನಾ ಬರುತ್ತಾರೆ. ನನ್ನ ಜೊತೆ ಮಾತಿಲ್ಲ.

ಇದನ್ನು ಒಗ್ಗಟ್ಟು ಅನ್ನುತ್ತಾರೋ ಏನೋ ನನಗೆ ತಿಳಿಯದು. ಬೇಲಿ ಹಾಗೇ ಇದೆ. ರೇಡಿಯೋದವರು ಬೈಯುವುದು ಬಿಟ್ಟಿಲ್ಲ. ನಿನ್ನಕ್ಕ ನಿಮ್ಮ ಮಣ್ಣಿನಲ್ಲಿ ಮಲಗಿದ್ದಾಳೆ, ನಾನು ಇಲ್ಲಿದ್ದೇನೆ. ಆದರೆ ದಿನಕ್ಕೆ ಎರಡು ಗಂಟೆ ನೀನು ಕಳಿಸಿದ್ದು ನನ್ನ ಬಳಿ ಬರುತ್ತದೆ, ನಾನು ಸೋಸಿದ್ದು ನಿನ್ನ ಬಳಿ ಹೋಗುತ್ತದೆ. ಆ ಎರಡು ಗಂಟೆಯಲ್ಲಿ ದೇಶ ಎಷ್ಟೆಂದು ಯಾರಾದರೂ ಕೇಳಿದರೆ ಒಂದೇ ಎಂದು ಹೇಳುತ್ತೇನೆ. ಉಳಿದ ಇಪ್ಪತ್ತೆರಡು ಗಂಟೆ ಬೇಲಿಯದು. ನಾಳೆ ಎರಡೂವರೆ ಗಂಟೆ ಆಗಲೆಂದು ಅರ್ಜಿ ಬರೆದಿದ್ದೇನೆ.

ಈಗ ಮುಖ್ಯ ವಿಷಯ. ಬರುವ ಗುರುವಾರ ನರ್ಸಮ್ಮನ ಆಂಬುಲೆನ್ಸಿನಲ್ಲಿ ಗಿಣಿ ಕೆಳಗೆ ಬರುತ್ತಾಳೆ. ನಿಮ್ಮ ಕಡೆಯ ನಲ್ಲಿಗಳ ನೀರು ಪರೀಕ್ಷೆ ಮಾಡುವ ಕೆಲಸ ಅವಳಿಗೆ ಕೊಟ್ಟಿದ್ದಾರೆ. ಎರಡೂ ಕಡೆಯ ಪಾಸು ಸಿಕ್ಕಿದೆ. ಹೊಳೆಬೀದಿಗೆ ಹತ್ತು ಗಂಟೆಯ ಸುಮಾರಿಗೆ ಬರಬಹುದು. ಎತ್ತರವಾಗಿದ್ದಾಳೆ, ನಿನಗೆ ಥಟ್ಟನೆ ಗುರುತಾಗಲಿಕ್ಕಿಲ್ಲ. ಅದರ ಚಿಂತೆಯಲ್ಲ ನನಗೆ. ಮಾತಾಡಲು ಶುರು ಮಾಡಿದ ಮೇಲೆ ಅವಳ ದನಿ ಅಮ್ಮನ ಕಡೆಗೆ ತಿರುಗಿದೆ. ಪಕ್ಕದ ಕೋಣೆಯಿಂದ ಕೂಗಿದರೆ ನಾನೇ ಎಷ್ಟೋ ಸಲ ‘ಬಂದೆ’ ಎಂದು ಎದ್ದು ನಿಂತಿದ್ದೇನೆ. ಬಾಗಿಲಲ್ಲಿ ನಿಂತು ಕರೆದಾಗ ನೀನು ಗಾಬರಿಯಾಗಬೇಡ.

ಅತ್ತೆ ಅವಳನ್ನು ತಮ್ಮ ಮಗಳೆಂದೇ ತಿಳಿದು, ಎಲ್ಲಿಗೆ ಹೋಗಿದ್ದೆ ಇಷ್ಟು ದಿನ ಎಂದು ಕೇಳಬಹುದು. ಯಾರೂ ತಿದ್ದಬೇಡಿ. ಏನು ಹೇಳಬೇಕೆಂದು ಗಿಣಿಗೆ ಹೇಳಿಕೊಟ್ಟಿದ್ದೇನೆ. ಮೇಲಿನ ಮನೆಗೆ ಹೋಗಿದ್ದೆ ಅಮ್ಮಾ, ಗೇಟು ಬಿಟ್ಟರು, ಬಂದೆ ಎಂದು ಹೇಳುತ್ತಾಳೆ.

ನಿನ್ನ ಭಾವ